ಡಬ್ಬಿ ಮಾತ್ರ ಉಳೀತು

ಕ್ರಿಸ್‌ಮಸ್ ಸ್ಪೆಷಲ್ ಸರಣಿ. ಒಟ್ಟು 10 ಭಾಗ. ಸೇವ್ ಮಾಡಿಟ್ಕೊಂಡು ನಿಧಾನವಾಗಿ ಓದಿ 🎄

1/10

ನಿಮ್ಮ ಮನೇಲೂ ಇದೆ ಅಂತ ಗೊತ್ತು. ನೀಲಿ ಬಣ್ಣದ ದುಂಡಗಿನ ಬಿಸ್ಕೆಟ್ ಡಬ್ಬಿ. ಚಿಕ್ಕವರಿದ್ದಾಗ ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಸೂಜಿ, ದಾರ, ಗುಂಡಿ, ಒಂದು ಹಳೇ ಟೇಪು. ಇದರ ಮೇಲೆ ಬಂದಿರೋ ಮೀಮ್‌ಗಳಿಗೆ ಲೆಕ್ಕವೇ ಇಲ್ಲ.

ನಮ್ಮನೆಯದು ಅಜ್ಜಿಯ ಡಬ್ಬಿ. ಅಜ್ಜಿ ಈ ವರ್ಷ ಆಷಾಢದಲ್ಲಿ ತೀರಿಕೊಂಡರು. ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ ಅಮ್ಮನೂ ನಾನೂ ಅವರ ಬೀರು ತೆಗೆದ್ವಿ. ಯಾವ ಸೀರೆ ಯಾರಿಗೆ ಅಂತ ಅಮ್ಮ ಆಗಲೇ ತೀರ್ಮಾನ ಮಾಡಿದ್ದರು. ಡಬ್ಬಿಯ ಬಗ್ಗೆ ಮಾತ್ರ ಯಾರೂ ಯೋಚನೆ ಮಾಡಿರಲಿಲ್ಲ. "ತುಕ್ಕು ಹಿಡಿದಿದೆ, ಗುಜರಿಗೆ ಹಾಕು" ಅಂದ ಅಣ್ಣ. ನಾನು ತೆಗೆದು ನೋಡಿದೆ. ಗುಂಡಿಗಳು, ಬ್ಲೌಸಿನ ಹುಕ್ಕುಗಳು, ತಾತನ ಪಾಸ್‌ಪೋರ್ಟ್ ಸೈಜ್ ಫೋಟೋ, ನನ್ನ ಒಂದನೇ ಕ್ಲಾಸಿನ ಐಡಿ ಕಾರ್ಡ್.

ಆ ಡಬ್ಬಿ ನಮ್ಮನೆಗೆ ಬಂದದ್ದು ಒಂದು ಕ್ರಿಸ್‌ಮಸ್‌ಗೆ. ಪಕ್ಕದ ಮನೆ ಆಂಟಿ ಅದರ ತುಂಬ ಕಲ್ಕಲ್, ರೋಸ್ ಕುಕೀಸ್ ಹಾಕಿ ಕೊಟ್ಟಿದ್ದರು. ನನಗಾಗ ಆರು ವರ್ಷ. ತಿಂಡಿ ಎರಡು ದಿನಕ್ಕೆ ಖಾಲಿ ಆಯ್ತು. ಡಬ್ಬಿ ಹದಿನಾಲ್ಕು ವರ್ಷ ಉಳೀತು.

ಅದೇ ವಾರ ನಾನು ಇನ್ನೊಂದು ಕ್ರಿಸ್‌ಮಸ್ ಡಬ್ಬಿಯ ಕಥೆ ಓದಿದೆ. ಅದು ಹಿತ್ತಾಳೆಯದು. 1914ರದು. ನೂರು ವರ್ಷ ದಾಟಿದೆ, ಇನ್ನೂ ಎಷ್ಟೋ ಮನೆಗಳಲ್ಲಿ ಇದೆ. ಅದರ ಕಥೆಯಲ್ಲಿ ನಮ್ಮ ದೇಶದವರೂ ಇದ್ದಾರೆ. ಅದನ್ನೇ ಹೇಳ್ತೀನಿ ಬನ್ನಿ.

2/10

ಮೊದಲು ಸಂದರ್ಭ.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಘೋಷಿಸಿತು. ಮೊದಲ ಮಹಾಯುದ್ಧ. ಕ್ರಿಸ್‌ಮಸ್ ಹೊತ್ತಿಗೆ ಎಲ್ಲಾ ಮುಗಿದು ಹುಡುಗರು ಮನೆಗೆ ಬರ್ತಾರೆ ಅಂತ ಬಹಳ ಜನ ನಂಬಿದ್ದರು. ಹಾಗಾಗಲಿಲ್ಲ. ಫ್ರಾನ್ಸ್, ಬೆಲ್ಜಿಯಂನಲ್ಲಿ ಎರಡೂ ಕಡೆಯವರು ಕಂದಕ ತೋಡಿ ಅದರೊಳಗೆ ಕೂತರು. ಮಳೆ, ಕೆಸರು, ಚಳಿ.

ಆ ಕಂದಕಗಳಲ್ಲಿ ಬರೀ ಬ್ರಿಟಿಷರಿರಲಿಲ್ಲ. ಭಾರತೀಯ ಸೇನೆಯ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳನ್ನು ಹಡಗಿನಲ್ಲಿ ಫ್ರಾನ್ಸ್‌ಗೆ ಕರೆತಂದಿದ್ದರು. ಸೆಪ್ಟೆಂಬರ್ ಕೊನೆಗೆ ಮೊದಲ ತುಕಡಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಪಂಜಾಬಿನ ರೈತರ ಮಕ್ಕಳು, ಗಢವಾಲದ ಬೆಟ್ಟದವರು, ಪಠಾಣರು, ಗೂರ್ಖಾಗಳು. ಮೈಮೇಲೆ ನಮ್ಮ ಸೆಕೆಗೆ ಹೊಲಿದ ತೆಳು ಕಾಟನ್ ಖಾಕಿ. ಯುರೋಪಿನ ಚಳಿಗಾಲಕ್ಕೆ ಬೇಕಾದ ಬಟ್ಟೆ ಇರಲಿಲ್ಲ. ಅಕ್ಟೋಬರ್ ಹೊತ್ತಿಗೆ ಅವರನ್ನ ಯುದ್ಧಕ್ಕೆ ಇಳಿಸಿಯಾಗಿತ್ತು. ಅಕ್ಟೋಬರ್ 31ರಂದು ಬೆಲ್ಜಿಯಂನ ಹಾಲೆಬೆಕೆಯಲ್ಲಿ ತೋರಿದ ಧೈರ್ಯಕ್ಕೆ ಸಿಪಾಯಿ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದರು. ಆ ಪದಕ ಸಿಕ್ಕ ಮೊದಲ ಭಾರತೀಯ ಸೈನಿಕ ಅವರೇ.

(ನಮ್ಮ ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಫ್ರಾನ್ಸ್‌ಗಲ್ಲ, ಈಜಿಪ್ಟ್ ಕಡೆಗೆ. ಅದು ಬೇರೆ ಸರಣಿಯ ಕಥೆ. ಬರೀತೀನಿ, ಪ್ರಾಮಿಸ್.)

3/10

ಈಗ ಕಥೆಯ ಮುಖ್ಯ ಪಾತ್ರ. ರಾಜ ಐದನೇ ಜಾರ್ಜ್‌ನ ಮಗಳು, ಪ್ರಿನ್ಸೆಸ್ ಮೇರಿ. ಆಗ ವಯಸ್ಸು 17. ಅಂದರೆ ನಮ್ಮ ಸೆಕೆಂಡ್ ಪಿಯುಸಿ ವಯಸ್ಸು.

ಯುದ್ಧಭೂಮಿಯಲ್ಲಿರೋ ಪ್ರತಿಯೊಬ್ಬ ಸೈನಿಕನಿಗೂ, ಸಮುದ್ರದಲ್ಲಿರೋ ಪ್ರತಿಯೊಬ್ಬ ನಾವಿಕನಿಗೂ ಕ್ರಿಸ್‌ಮಸ್‌ಗೆ ಒಂದು ಉಡುಗೊರೆ ಕೊಡಬೇಕು ಅನ್ನೋದು ಅವಳ ಆಸೆ. ಮೊದಲು ತನ್ನ ಸ್ವಂತ ಅಲೋವೆನ್ಸ್ ದುಡ್ಡಲ್ಲೇ ಕೊಡಿಸ್ತೀನಿ ಅಂದಳಂತೆ. ಲೆಕ್ಕ ಗೊತ್ತಿರೋರು ಕೂತು ನೋಡಿದಾಗ ಅದು ಆಗದ ಮಾತು ಅಂತ ಗೊತ್ತಾಯ್ತು. ಕೊಡಬೇಕಾದ ಜನ ಸುಮಾರು ಐದು ಲಕ್ಷ. ರಾಜಕುಮಾರಿ ಆದರೂ ಪಾಕೆಟ್ ಮನಿಗೆ ಒಂದು ಮಿತಿ ಇದೆ.

ಹಾಗಾಗಿ ಅವಳ ಹೆಸರಲ್ಲಿ ಒಂದು ಸಾರ್ವಜನಿಕ ನಿಧಿ ಶುರು ಮಾಡಿದರು. 1914ರ ಅಕ್ಟೋಬರ್‌ನಲ್ಲಿ ಸಮಿತಿ ಆಯ್ತು, ಪತ್ರಿಕೆಗಳಲ್ಲಿ ಮನವಿ ಬಂತು. ಆಮೇಲೆ ಆದದ್ದನ್ನ ಯಾರೂ ಊಹಿಸಿರಲಿಲ್ಲ. ದುಡ್ಡು ಬರ್ತಾನೇ ಹೋಯ್ತು. ದೊಡ್ಡ ದೊಡ್ಡವರ ಚೆಕ್‌ಗಳಿಗಿಂತ ಸಾಮಾನ್ಯ ಜನ ಕಳಿಸಿದ ಸಣ್ಣ ಸಣ್ಣ ಮೊತ್ತಗಳೇ ಹೆಚ್ಚು. ಮನೆಯಿಂದ ಒಬ್ಬ ಮಗನೋ ಗಂಡನೋ ಅಣ್ಣನೋ ಯುದ್ಧಕ್ಕೆ ಹೋಗಿರೋರು ತಾನೇ ಅವರೆಲ್ಲ.

ಕೊನೆಗೆ ಒಟ್ಟು ಬಂದದ್ದು 1,62,591 ಪೌಂಡ್, 12 ಶಿಲಿಂಗ್, 5 ಪೆನ್ನಿ.

ನಾನು ಬಿಕಾಂ. ಆ ಕೊನೆಯ 5 ಪೆನ್ನಿ ನೋಡಿ ನನಗೆ ಖುಷಿಯಾಯ್ತು. ಯಾರೋ ಅದನ್ನೂ ಬಿಡದೆ ಬರೆದಿಟ್ಟಿದ್ದಾರೆ.

4/10

ಡಬ್ಬಿ ಹೇಗಿತ್ತು?

ಸುಮಾರು 5 ಇಂಚು ಉದ್ದ, ಮೂರೂಕಾಲು ಇಂಚು ಅಗಲ, ಒಂದೂಕಾಲು ಇಂಚು ಎತ್ತರ. ನಮ್ಮ ಜಾಮಿಟ್ರಿ ಬಾಕ್ಸ್‌ಗಿಂತ ಗಿಡ್ಡ, ಸ್ವಲ್ಪ ದಪ್ಪ. ಹಿತ್ತಾಳೆ. ಮುಚ್ಚಳದ ಮಧ್ಯೆ ಮೇರಿಯ ಮುಖದ ಉಬ್ಬುಚಿತ್ರ, ಸುತ್ತ ಎಲೆಗಳ ಹಾರ, ಎರಡೂ ಪಕ್ಕದಲ್ಲಿ 'ಎಂ' ಅಕ್ಷರ. ಅಂಚಿನಲ್ಲಿ ಜೊತೆಗಿದ್ದ ದೇಶಗಳ ಹೆಸರು: ಫ್ರಾನ್ಸ್, ರಷ್ಯಾ, ಬೆಲ್ಜಿಯಂ, ಜಪಾನ್, ಸರ್ಬಿಯಾ, ಮಾಂಟೆನೆಗ್ರೊ. ಕೆಳಗೆ ಯುದ್ಧನೌಕೆಗಳ ಮೂತಿ, ನಡುವೆ 'ಕ್ರಿಸ್‌ಮಸ್ 1914'.

ಒಳಗೆ ಏನಿತ್ತು? ಸಾಮಾನ್ಯವಾಗಿ ಒಂದು ಔನ್ಸ್ ಪೈಪ್ ತಂಬಾಕು, 20 ಸಿಗರೇಟು, ರಾಜಕುಮಾರಿಯ ಫೋಟೋ, ಒಂದು ಶುಭಾಶಯದ ಕಾರ್ಡ್. ಜೊತೆಗೆ ಒಂದು ಪೈಪ್, ಒಂದು ಲೈಟರ್. ತಂಬಾಕು, ಸಿಗರೇಟು ಹಾಕಿದ ಮೇಲೆ ಡಬ್ಬಿಯಲ್ಲಿ ಜಾಗವೇ ಇರ್ತಿರಲಿಲ್ಲ, ಹಾಗಾಗಿ ಉಳಿದದ್ದನ್ನ ಬೇರೆಯಾಗಿ ಕಳಿಸ್ತಿದ್ದರು. ಲೈಟರ್ ಬೇಕಾದಷ್ಟು ಸಿಗಲಿಲ್ಲ. ಅದರ ಬದಲು ಕೆಲವರಿಗೆ ಬಾಚಣಿಗೆ, ಶೇವಿಂಗ್ ಬ್ರಷ್, ಕತ್ತರಿ ಹೋಯ್ತು.

ಇವತ್ತು ಯಾರಾದ್ರೂ ಗಿಫ್ಟ್ ಅಂತ ಸಿಗರೇಟು ಕೊಟ್ಟರೆ ಅಮ್ಮನ ಹತ್ರ ಏಟು ಗ್ಯಾರಂಟಿ. ಆದರೆ ಆ ಕಾಲದಲ್ಲಿ ತಂಬಾಕು ಕಂದಕದ ಬದುಕಿನ ಭಾಗ. ಅದರ ಕೆಡುಕು ಈಗ ಗೊತ್ತಿರೋ ಹಾಗೆ ಆಗ ಗೊತ್ತಿರಲಿಲ್ಲ.

ಹಾಗಾದ್ರೆ ಸಿಗರೇಟು ಸೇದದವರಿಗೆ? ನನಗೆ ಈ ಕಥೆ ಹಿಡಿಸಿದ್ದು ಇಲ್ಲಿಂದ 👇

5/10

ಸಮಿತಿಯವರು ಐದು ಲಕ್ಷ ಜನಕ್ಕೆ ಒಂದೇ ಡಬ್ಬಿ ತುಂಬಿಸಿ ಕೈ ತೊಳ್ಕೋಬಹುದಿತ್ತು. ಬಲ್ಕ್ ಆರ್ಡರ್, ಕಡಿಮೆ ಖರ್ಚು, ಕಡಿಮೆ ತಲೆನೋವು. ಹಾಗೆ ಮಾಡಲಿಲ್ಲ.

ಸೇದದವರಿಗೆ ಮತ್ತು ಚಿಕ್ಕ ಹುಡುಗರಿಗೆ: ಹುಳಿಸಿಹಿ ಪೆಪ್ಪರಮೆಂಟಿನಂಥ ಮಿಠಾಯಿ, ಪೆನ್ಸಿಲ್, ಕಾಗದ ಬರೆಯೋಕೆ ಖಾಕಿ ಬಣ್ಣದ ಒಂದು ಕಿಟ್.

ನರ್ಸ್‌ಗಳಿಗೆ: ಚಾಕೊಲೇಟ್.

ಗೂರ್ಖಾಗಳಿಗೆ: ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದೇ.

ಸಿಖ್ಖರಿಗೆ: ತಂಬಾಕು ಅವರ ಧರ್ಮದಲ್ಲಿ ನಿಷಿದ್ಧ. ಅದಕ್ಕೆ ಡಬ್ಬಿಯ ಜೊತೆ ನಮ್ಮ ಕಲ್ಲುಸಕ್ಕರೆ ಥರದ ಸಿಹಿ, ಒಂದು ಪೆಟ್ಟಿಗೆ ಮಸಾಲೆ ಪದಾರ್ಥ.

ಉಳಿದ ಭಾರತೀಯ ಸೈನಿಕರಿಗೆ: ಸಿಗರೇಟು, ಸಿಹಿ, ಮಸಾಲೆ.

ಮತ್ತೆ ಭಿಸ್ತಿಗಳಿಗೆ, ಅಂದರೆ ಚರ್ಮದ ಚೀಲದಲ್ಲಿ ನೀರು ಹೊತ್ತು ಕೊಡ್ತಿದ್ದವರಿಗೆ: ಒಂದು ಡಬ್ಬಿ ಮಸಾಲೆ, ಕಾರ್ಡ್.

ಮಸಾಲೆ! ಫ್ರಾನ್ಸಿನ ಕೆಸರಲ್ಲಿ, ಊರಿಂದ ಸಾವಿರಾರು ಮೈಲಿ ದೂರ, ಬಾಯಿಗೆ ರುಚಿಯೇ ಇಲ್ಲದ ಊಟ ಮಾಡ್ತಿರೋ ಮನುಷ್ಯನ ಕೈಗೆ ಒಂದು ಮುಷ್ಟಿ ಮಸಾಲೆ ಬಂದರೆ ಹೇಗಿರುತ್ತೆ ಯೋಚಿಸಿ. ಹಾಸ್ಟೆಲ್‌ನಲ್ಲಿ ಇರೋರಿಗೆ ಇದನ್ನ ನಾನು ವಿವರಿಸಬೇಕಿಲ್ಲ. ಮನೆಯಿಂದ ಬಂದ ಚಟ್ನಿಪುಡಿ ಡಬ್ಬಿಗೆ ನಮ್ಮಲ್ಲಿ ಎಷ್ಟು ಜಗಳ ಆಗಿಲ್ಲ!

ಭಿಸ್ತಿಗಳ ಹೆಸರು ಪಟ್ಟಿಯಲ್ಲಿ ಇರೋದು ನನಗೆ ಅಷ್ಟೇ ಮುಖ್ಯ ಅನ್ನಿಸಿತು. ಸೇನೆಯ ಲೆಕ್ಕದಲ್ಲಿ ಅವರು ತೀರಾ ಕೆಳಗಿನವರು. ಗನ್ ಇಲ್ಲ, ಪದವಿ ಇಲ್ಲ. ಆದರೂ ಹಂಚುವಾಗ ಯಾರೋ ಒಬ್ಬರು "ನೀರು ತರೋರು ಉಳಿದರಲ್ಲ, ಅವರಿಗೇನು?" ಅಂತ ಕೇಳಿರಲೇಬೇಕು.

6/10

ಕ್ರಿಸ್‌ಮಸ್ ದಿನ.

ಡಿಸೆಂಬರ್ ಮೂರನೇ ವಾರ ಭಾರತೀಯ ತುಕಡಿಗಳು ಜಿವೆಂಶಿ ಅನ್ನೋ ಹಳ್ಳಿಯ ಸುತ್ತ ಭೀಕರ ಕಾದಾಟದಲ್ಲಿದ್ದವು. ಬಹಳ ಜನ ಸತ್ತರು. ಅದು ತಣ್ಣಗಾಗಿ ಎರಡು ಮೂರು ದಿನಕ್ಕೆ ಹಬ್ಬ.

ಆ ದಿನ ಮುಂಚೂಣಿಯ ಕೆಲವು ಕಡೆ ನಡೆದದ್ದನ್ನ ನೀವು ಕೇಳಿರಬಹುದು. ಇದನ್ನ ಕ್ರಿಸ್‌ಮಸ್ ಕದನವಿರಾಮ ಅಂತಾರೆ. ಮೇಲಿನಿಂದ ಆದೇಶ ಇಲ್ಲದೇ ಜರ್ಮನರೂ ಬ್ರಿಟಿಷರೂ ಕಂದಕದಿಂದ ಎದ್ದು ಬಂದು ನಡುವಿನ ಜಾಗದಲ್ಲಿ ಕೈಕುಲುಕಿದರು. ಸತ್ತವರನ್ನ ಹೂಳಿದರು. ಸಿಗಾರು, ಸಿಗರೇಟು, ಕೋಟಿನ ಗುಂಡಿಗಳನ್ನ ಬದಲಾಯಿಸಿಕೊಂಡರು. ಎಲ್ಲಾ ಕಡೆ ಹೀಗಾಗಲಿಲ್ಲ, ಕೆಲವು ಕಡೆ ಗುಂಡು ನಿಲ್ಲಲೇ ಇಲ್ಲ. ಭಾರತೀಯರ ಪೈಕಿ ಗಢವಾಲ್ ರೈಫಲ್ಸ್‌ನವರು ಈ ಕದನವಿರಾಮದಲ್ಲಿ ಇದ್ದರು. ಕ್ರಿಸ್‌ಮಸ್ ಅಂದರೆ ಏನು ಅಂತಾನೇ ಗೊತ್ತಿರದ ಬೆಟ್ಟದ ಹುಡುಗರು, ಅವತ್ತು ಜರ್ಮನರ ಎದುರು ನಿಂತು ನಕ್ಕಿದ್ದಾರೆ.

ಅದೇ ಹೊತ್ತಲ್ಲಿ ಹಿತ್ತಾಳೆ ಡಬ್ಬಿಗಳು ಕೈ ಸೇರಿದವು. ಕ್ರಿಸ್‌ಮಸ್ ಹೊತ್ತಿಗೆ ತಲುಪಿದ್ದು ನಾಲ್ಕು ಲಕ್ಷಕ್ಕೂ ಹೆಚ್ಚು. ಆನ್‌ಲೈನ್ ಟ್ರ್ಯಾಕಿಂಗ್ ಇಲ್ಲ, ಡೆಲಿವರಿ ಆ್ಯಪ್ ಇಲ್ಲ. ಹಡಗು, ರೈಲು, ಲಾರಿ, ಕುದುರೆಗಾಡಿ. ನಿಧಿ ಶುರುವಾಗಿ ಎರಡೂವರೆ ತಿಂಗಳೂ ಆಗಿರಲಿಲ್ಲ.

ಕಾರ್ಡಿನಲ್ಲಿ ಹಬ್ಬದ ಶುಭಾಶಯ, ಹೊಸ ವರ್ಷದಲ್ಲಿ ಗೆಲುವಿನ ಹಾರೈಕೆ. ಕೊಟ್ಟವರ ಹೆಸರಿನ ಜಾಗದಲ್ಲಿ ಬರೀ ರಾಜಕುಮಾರಿ ಅಂತಿರಲಿಲ್ಲ. ಅವಳ ಜೊತೆ ಊರಲ್ಲಿರೋ ಗೆಳೆಯರು ಅಂತಲೂ ಇತ್ತು. ಐದು ಪೆನ್ನಿ ಕೊಟ್ಟವರೂ ಅದರಲ್ಲಿ ಸೇರಿದರು.

7/10

ಇಲ್ಲಿಂದ ಸ್ವಲ್ಪ ನಮ್ಮ ಸಬ್ಜೆಕ್ಟ್. ಬ್ಯಾಚ್‌ಮೇಟ್ಸ್, ಎದ್ದೇಳಿ 😄

ದುಡ್ಡು ಜಾಸ್ತಿ ಬಂದದ್ದರಿಂದ ಸಮಿತಿ ಪಟ್ಟಿಯನ್ನ ದೊಡ್ಡದು ಮಾಡಿತು. ಕ್ರಿಸ್‌ಮಸ್ ದಿನ ರಾಜನ ಸಮವಸ್ತ್ರದಲ್ಲಿದ್ದ ಎಲ್ಲರಿಗೂ ಡಬ್ಬಿ ಅಂತಾಯ್ತು. ಐದು ಲಕ್ಷ ಇದ್ದದ್ದು ಸುಮಾರು 26 ಲಕ್ಷಕ್ಕೆ ಏರಿತು. ಆಸ್ಪತ್ರೆಯಲ್ಲಿದ್ದ ಗಾಯಾಳುಗಳಿಗೆ ಉಂಟು. ಸೆರೆ ಸಿಕ್ಕವರ ಪಾಲನ್ನ ಅವರು ವಾಪಸ್ ಬರೋವರೆಗೂ ತೆಗೆದಿಟ್ಟರು. ಸತ್ತವರ ಪಾಲು ಅವರ ಹೆಂಡತಿಗೋ ತಂದೆತಾಯಿಗೋ.

ಡಿಮ್ಯಾಂಡ್ ಐದು ಪಟ್ಟು. ಸಪ್ಲೈ? ಹಿತ್ತಾಳೆ ಬೇಕು. ಆದರೆ ಗುಂಡಿನ ಕಾರ್ಟ್ರಿಜ್ ಮಾಡೋಕೂ ಹಿತ್ತಾಳೆಯೇ ಬೇಕು. ಯುದ್ಧ ನಡೀತಿರೋವಾಗ ಉಡುಗೊರೆಗೆ ಯಾರು ಕೊಡ್ತಾರೆ? ಅಮೆರಿಕದಿಂದ ಹಿತ್ತಾಳೆ ತಗಡು ತರಿಸಿದರು. ಅದರಲ್ಲಿ ಒಂದು ದೊಡ್ಡ ಪಾಲು ಲುಸಿಟಾನಿಯಾ ಹಡಗಿನಲ್ಲಿತ್ತು. 1915ರ ಮೇ 7ರಂದು ಐರ್ಲೆಂಡ್ ತೀರದ ಹತ್ತಿರ ಜರ್ಮನ್ ಜಲಾಂತರ್ಗಾಮಿ ಆ ಹಡಗನ್ನ ಮುಳುಗಿಸಿತು. ಸುಮಾರು 1,200 ಜನ ಸತ್ತರು. ಅವರ ಜೊತೆ ಇನ್ನೂ ಆಗಬೇಕಿದ್ದ ಆ ಡಬ್ಬಿಗಳೂ ಸಮುದ್ರದ ಪಾಲಾದವು.

ಹೀಗಾಗಿ ಹಂಚಿಕೆ ವರ್ಷಗಟ್ಟಲೆ ಎಳೆಯಿತು. ತಡವಾಗಿ ಪಡೆದವರ ಡಬ್ಬಿಯಲ್ಲಿ ಹೆಚ್ಚು ಸಾಮಾನಿರಲಿಲ್ಲ. ಕಾರ್ಡು, ಗುಂಡಿನ ಆಕಾರದ ಒಂದು ಪೆನ್ಸಿಲ್, ಅಷ್ಟೇ. 1918ರಲ್ಲಿ ಯುದ್ಧ ಮುಗಿದ ಮೇಲೂ ಹಂಚೋದು ನಡೀತಿತ್ತು. ಕೊನೆಗೆ ಉಳಿದ ದುಡ್ಡನ್ನ ಸೈನಿಕರ ಹೆಂಡತಿಯರ ಹೆರಿಗೆ ಆಸ್ಪತ್ರೆಯೊಂದಕ್ಕೆ ಕೊಟ್ಟರು.

8/10

ಒಂದು ಲೆಕ್ಕ ಮಾಡೋಣ. ಆಗ 12 ಪೆನ್ನಿಗೆ 1 ಶಿಲಿಂಗ್, 20 ಶಿಲಿಂಗ್‌ಗೆ 1 ಪೌಂಡ್. ಅಂದರೆ 1 ಪೌಂಡ್‌ಗೆ 240 ಪೆನ್ನಿ.

ಬಂದ ಒಟ್ಟು ದುಡ್ಡನ್ನ 26 ಲಕ್ಷ ಜನಕ್ಕೆ ಭಾಗ ಹಾಕಿದರೆ ತಲೆಗೆ ಸುಮಾರು 15 ಪೆನ್ನಿ. ಇದು ಬರೀ ಸರಾಸರಿ. ಮೊದಲು ಪಡೆದವರ ಡಬ್ಬಿಗೆ ಇದಕ್ಕಿಂತ ಜಾಸ್ತಿ ಬಿದ್ದಿರಬಹುದು.

ಬ್ರಿಟಿಷ್ ಸಾಮಾನ್ಯ ಸೈನಿಕನ ಸಂಬಳ ದಿನಕ್ಕೆ 1 ಶಿಲಿಂಗ್, ಅಂದರೆ 12 ಪೆನ್ನಿ. ಭಾರತೀಯ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಆಗಿನ 1 ರೂಪಾಯಿಗೆ 16 ಪೆನ್ನಿ. ಲೆಕ್ಕ ಹಾಕಿ: ದಿನಕ್ಕೆ 6 ಪೆನ್ನಿಗಿಂತ ಕಮ್ಮಿ. ಅದೇ ಕಂದಕ, ಅದೇ ಗುಂಡು, ಅರ್ಧ ಸಂಬಳ.

ಇದನ್ನ ಹೇಳದೇ ಬರೀ ಡಬ್ಬಿ ಎಷ್ಟು ಚೆಂದ ಅಂತ ಬರೆದರೆ ನಾನು ಸುಳ್ಳು ಬ್ಯಾಲೆನ್ಸ್ ಶೀಟ್ ಬರೆದ ಹಾಗೆ. ಆ ಯುದ್ಧದಲ್ಲಿ 74 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. ತಮ್ಮದಲ್ಲದ ಜಗಳದಲ್ಲಿ. ಒಂದು ಹಿಡಿ ಮಸಾಲೆ ಅದಕ್ಕೆ ಸಾಟಿಯಾಗಲ್ಲ. ಡಬ್ಬಿಯಲ್ಲಿ ಪ್ರಚಾರವೂ ಇತ್ತು: ಮೇಲೆ ರಾಜಕುಮಾರಿಯ ಮುಖ, ಒಳಗೆ ಗೆಲುವಿನ ಹಾರೈಕೆ.

ಹಾಗಂತ ಪೂರ್ತಿ ನಾಟಕ ಅಂತ ತಳ್ಳಿ ಹಾಕೋಕೂ ನನಗೆ ಮನಸ್ಸು ಬರಲಿಲ್ಲ. ಸಂಬಳ ಕೊಟ್ಟದ್ದು ಸರ್ಕಾರ. ಡಬ್ಬಿಗೆ ದುಡ್ಡು ಕೊಟ್ಟದ್ದು ಯಾವುದೋ ಬೀದಿಯ ಯಾವುದೋ ಮನೆಯವರು. ಇವೆರಡನ್ನ ಒಂದೇ ಖಾತೆಯಲ್ಲಿ ಬರೆಯೋಕೆ ಆಗಲ್ಲ.

9/10

ಆಮೇಲೆ ಆ ಡಬ್ಬಿಗಳು ಏನಾದವು?

ಸಿಗರೇಟು ಸೇದಿ ಮುಗೀತು. ಮಿಠಾಯಿ ತಿಂದು ಮುಗೀತು. ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿತ್ತು, ಜೇಬಲ್ಲಿ ಹಿಡೀತಿತ್ತು. ಸೈನಿಕರು ಅದರಲ್ಲಿ ಮನೆಯಿಂದ ಬಂದ ಕಾಗದ, ಹೆಂಡತಿ ಮಕ್ಕಳ ಫೋಟೋ, ಚಿಲ್ಲರೆ ಇಟ್ಕೊಂಡು ಓಡಾಡಿದರು. ತುಂಬಾ ಜನ ತಂಬಾಕನ್ನೂ ಮುಟ್ಟದೇ ಇಡೀ ಡಬ್ಬಿಯನ್ನ ಹಾಗೇ ಮನೆಗೆ ಪೋಸ್ಟ್ ಮಾಡಿದರು. ತಮಗೆ ಬಂದ ಉಡುಗೊರೆಯನ್ನ ಮನೆಯವರಿಗೆ ಕೊಟ್ಟರು!

ಮನೆಯಲ್ಲಿ ಅದು ಗುಂಡಿ ಡಬ್ಬಿ ಆಯ್ತು. ಸೂಜಿ ದಾರದ ಡಬ್ಬಿ ಆಯ್ತು. ವಾಪಸ್ ಬಂದವನ ಪದಕಗಳನ್ನ ಇಡೋ ಡಬ್ಬಿ ಆಯ್ತು. ಬಾರದವನ ಮನೆಯಲ್ಲಿ ಅವನ ಕಾಗದಗಳನ್ನ ಇಡೋ ಡಬ್ಬಿ ಆಯ್ತು. ಮಗ ಸತ್ತ ಮೇಲೆ ಅವನ ಹೆಸರಿಗೆ ಬಂದ ಕ್ರಿಸ್‌ಮಸ್ ಉಡುಗೊರೆಯನ್ನ ಕೈಗೆ ತಗೊಂಡ ತಾಯಿಯನ್ನ ಊಹಿಸಿಕೊಳ್ಳಿ. ಅವಳು ಅದನ್ನ ಗುಜರಿಗೆ ಹಾಕ್ತಾಳಾ?

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ ಈ ಡಬ್ಬಿಗಳಿವೆ. ಹರಾಜಿನಲ್ಲೂ ಆಗಾಗ ಬರ್ತಾನೇ ಇರುತ್ತವೆ, ಯಾಕಂದ್ರೆ ಅಷ್ಟು ಲಕ್ಷ ಮಾಡಿದ್ದರು. ಅಪರೂಪದ ವಸ್ತು ಏನಲ್ಲ. ಬೆಲೆ ಕೇಳಿದರೆ ಡಬ್ಬಿಗೆ ದೊಡ್ಡ ಬೆಲೆಯೂ ಇಲ್ಲ. ಒಳಗೆ ಯಾರದು ಏನಿದೆ ಅನ್ನೋದರ ಮೇಲೆ ಒಂದೊಂದು ಮನೆಗೆ ಒಂದೊಂದು ಬೆಲೆ.

ಇಷ್ಟು ಓದಿ ನಾನು ಎದ್ದು ಹೋಗಿ ಗುಜರಿ ಚೀಲದಿಂದ ನೀಲಿ ಡಬ್ಬಿ ಎತ್ತಿಟ್ಟೆ. ಅಣ್ಣ ಏನೂ ಅನ್ನಲಿಲ್ಲ.

10/10

ಕೊನೇದು. ಇದು ಇತಿಹಾಸ ಅಲ್ಲ, ನಮ್ಮನೆ ಸಮಾಚಾರ.

ನಮ್ಮ ಅಜ್ಜಿ ಬೇರೆಯವರ ಮನೆ ಪಾತ್ರೆಯನ್ನ ಖಾಲಿ ವಾಪಸ್ ಕೊಡ್ತಿರಲಿಲ್ಲ. ಏನೂ ಇಲ್ಲ ಅಂದ್ರೆ ಎರಡು ಚಮಚ ಸಕ್ಕರೆ ಆದರೂ ಹಾಕಬೇಕು. ಆಂಟಿ ಕ್ರಿಸ್‌ಮಸ್‌ಗೆ ಡಬ್ಬಿ ಕಳಿಸಿದರೆ ಅದು ಸಂಕ್ರಾಂತಿಗೆ ಎಳ್ಳುಬೆಲ್ಲ ತುಂಬಿಕೊಂಡು ಅವರ ಮನೆಗೆ ಹೋಗ್ತಿತ್ತು. ಆಂಟಿಗೆ ಶೇಂಗಾ ಆಗಲ್ಲ ಅಂತ ಅಜ್ಜಿಗೆ ಗೊತ್ತಿತ್ತು. ಅವರ ಪಾಲಿಗೆ ಶೇಂಗಾ ಇಲ್ಲದ ಎಳ್ಳುಬೆಲ್ಲ ಬೇರೆ. ಅಜ್ಜಿಗೆ ಮೊಟ್ಟೆ ಆಗಲ್ಲ ಅಂತ ಆಂಟಿಗೆ ಗೊತ್ತಿತ್ತು. ಕೇಕ್ ನಮಗೆ, ಮೊಟ್ಟೆ ಹಾಕದ ಕಲ್ಕಲ್ ಅಜ್ಜಿಗೆ. ಇದನ್ನ ಯಾರೂ ಪಟ್ಟಿ ಮಾಡಿ ಇಟ್ಟಿರಲಿಲ್ಲ. ಸಿಖ್ಖರ ಪಾಲಿನ ಮಸಾಲೆ ಬಗ್ಗೆ ಓದುವಾಗ ನನಗೆ ನೆನಪಾದದ್ದು ಇದು. ನೀಲಿ ಡಬ್ಬಿಯನ್ನ ಮಾತ್ರ "ಅದು ನಿಮಗೇ ಇರಲಿ ಅಜ್ಜಿ" ಅಂತ ಆಂಟಿಯೇ ಬಿಟ್ಟು ಹೋಗಿದ್ದರು.

ಮೂರು ವರ್ಷದ ಹಿಂದೆ ಆಂಟಿಯವರು ಮನೆ ಬದಲಾಯಿಸಿ ಊರಿನ ಇನ್ನೊಂದು ತುದಿಗೆ ಹೋದರು. ಹೋಗೋ ಮುಂಚಿನ ಕ್ರಿಸ್‌ಮಸ್‌ಗೆ ಒಂದು ಸ್ಟೀಲ್ ಡಬ್ಬಿ ಬಂದಿತ್ತು. ಆಗ ಅಜ್ಜಿ ಹಾಸಿಗೆ ಹಿಡಿದಿದ್ದರು. ಡಬ್ಬಿ ಇಲ್ಲೇ ಉಳೀತು. ಬೀರುವಿನಲ್ಲಿ ನೀಲಿ ಡಬ್ಬಿಯ ಹಿಂದೆಯೇ ಇತ್ತು, ಪಕ್ಕದಲ್ಲಿ ಅವರ ಮನೆಯವರ ಇನಿಷಿಯಲ್ ಕೊರೆದಿದೆ. ಅಜ್ಜಿ ತೀರಿಕೊಂಡ ಸುದ್ದಿಯನ್ನೂ ನಾವು ಅವರಿಗೆ ವಾಟ್ಸ್‌ಆ್ಯಪ್‌ನಲ್ಲೇ ಹೇಳಿದ್ದು. ಅಮ್ಮನಿಗೆ ಸಂಕೋಚ. "ಇಷ್ಟು ವರ್ಷ ಆದ ಮೇಲೆ ಯಾವ ಮುಖ ಇಟ್ಕೊಂಡು ಹೋಗೋದು" ಅಂತ.

ಅದಕ್ಕೆ ನಾನೇ ಹೋಗ್ತಿದ್ದೀನಿ. 25ಕ್ಕೆ, ಬಸ್ಸಲ್ಲಿ. ಅಮ್ಮ ಇವತ್ತು ಸಂಜೆ ಸುಮ್ಮನೆ ಅಡುಗೆಮನೆಗೆ ಹೋಗಿ ಕೊಬ್ಬರಿ ಮಿಠಾಯಿ ಮಾಡೋಕೆ ನಿಂತಿದ್ದಾರೆ. ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದು ನಾನು.

ನಿಮ್ಮ ಮನೇಲಿ ಯಾರದಾದ್ರೂ ಡಬ್ಬಿ ಉಳಿದಿದೆಯಾ? ಒಮ್ಮೆ ಅಡುಗೆಮನೆ ಅಟ್ಟ ನೋಡಿ, ಪಕ್ಕಾ ಇರುತ್ತೆ. ಏನಾದ್ರೂ ತುಂಬಿಸಿ ವಾಪಸ್ ಕೊಟ್ಟು ಬನ್ನಿ. ಯಾರ ಡಬ್ಬಿ, ಏನು ತುಂಬಿಸಿದ್ರಿ ಅಂತ ಕಾಮೆಂಟ್‌ನಲ್ಲಿ ಹೇಳಿ. ನಾನು ಓದ್ತೀನಿ.

ಹ್ಯಾಪಿ ಕ್ರಿಸ್‌ಮಸ್ ಎಲ್ಲರಿಗೂ 🤍

#ಡಬ್ಬಿಕಥೆ #ಕ್ರಿಸ್‌ಮಸ್1914 #ಬಿಕಾಂಹಿಸ್ಟರಿ #ಕನ್ನಡದಲ್ಲಿಇತಿಹಾಸ